ಮೈಸೂರು–ಮಂಡ್ಯದಿಂದ ಕಡಲ ದ್ವೀಪಗಳಿಗೆ: ಸಣ್ಣ ತಂಡದ ಏಳು ದಿನದ ಪ್ರವಾಸ ಹೀಗೆ ಮಾಡಿ

ಮೈಸೂರು, ಮಂಡ್ಯದ ಕಡೆಯಿಂದ ಕರಾವಳಿಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ದೇವಸ್ಥಾನಗಳ ಪಟ್ಟಿ ಇರುತ್ತದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ಹೊತ್ತು ಉಳಿದರೆ ಸಂಜೆ ಅರ್ಧ ಗಂಟೆ ಬೀಚು. ಅದೇ ದಾರಿಯ ಪಡುವಣ ಬದಿಗೆ, ನೀರಿನಾಚೆ ಇರುವ ಜಾಗಗಳ ಬಗ್ಗೆ ಈ ಲೇಖನ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಮುರುಡೇಶ್ವರದ ಆಚೆಯ ನೇತ್ರಾಣಿ, ಹೊನ್ನಾವರದ ಬಸವರಾಜ ದುರ್ಗ, ಕಾರವಾರದ ಕೂರ್ಮಗಡ, ಇವುಗಳ ನಡುವಿನ ಅಳಿವೆಗಳು (ಹೊಳೆ ಕಡಲು ಸೇರುವ ಜಾಗಗಳು), ಗೋಕರ್ಣದ ಬಂಡೆ ದಂಡೆ.

ಯೋಜನೆ ಹಾಕುವಾಗ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ದೋಣಿ ಯಾವ ದಿನ, ಯಾವ ಹೊತ್ತಿಗೆ ಹೊರಡಬಲ್ಲದು ಎಂಬುದನ್ನು ಮೊದಲು ಬರೆಯಬೇಕು. ಗಾಡಿ, ರೂಮು, ಊಟ, ದರ್ಶನ ಎಲ್ಲವೂ ಅದರ ಸುತ್ತ ಬರಬೇಕು. ಹೆಚ್ಚಿನ ಪ್ರವಾಸಗಳು ಕೆಡುವುದು ಇದನ್ನು ತಿರುವುಮುರುವು ಮಾಡಿದಾಗ. ರೂಮು ಬುಕ್ ಆಗಿದೆ, ಇವತ್ತೇ ದ್ವೀಪ ಮುಗಿಸಬೇಕು ಎಂದು ಮಧ್ಯಾಹ್ನ ಮೂರಕ್ಕೆ ಬಂದರಿಗೆ ಓಡಿದರೆ ಕಡಲು ಕೇಳುವುದಿಲ್ಲ.

ತಂಡ: ಹನ್ನೆರಡಕ್ಕೆ ನಿಲ್ಲಿಸಿ

ಹನ್ನೆರಡು ಪ್ರವಾಸಿಗರು, ಒಬ್ಬ ಗೈಡ್. ಒಂದು ಟಿ.ಟಿ.ಗೆ (ಟೆಂಪೊ ಟ್ರಾವೆಲರ್) ಸರಿಯಾಗುವ ಲೆಕ್ಕ ಇದು ಎಂಬುದು ಸಣ್ಣ ಕಾರಣ. ಬಂಡೆಯ ದಂಡೆಯಲ್ಲಿ ಒಬ್ಬ ಮನುಷ್ಯ ಕಣ್ಣಿಟ್ಟು ನೋಡಿಕೊಳ್ಳಬಹುದಾದದ್ದು ಅಷ್ಟೇ ಜನರನ್ನು ಎಂಬುದು ದೊಡ್ಡ ಕಾರಣ. ಅಲೆಯ ಸದ್ದಿನಲ್ಲಿ ಗೈಡ್ ಹೇಳಿದ್ದು ಹದಿನೈದನೆಯವರಿಗೆ ಕೇಳಿಸುವುದಿಲ್ಲ. ಕೇಳಿಸದವರು ಪಾಚಿಯ ಮೇಲೆ ಕಾಲಿಡುತ್ತಾರೆ. ಹದಿಮೂರನೆಯವರು ಬರುತ್ತೇನೆಂದರೆ ಇನ್ನೊಬ್ಬ ಗೈಡ್‌ನನ್ನು ಸೇರಿಸಿ, ಇಲ್ಲವೇ ಮುಂದಿನ ಸಲಕ್ಕೆ ಕರೆಯಿರಿ. ಎಂಟಕ್ಕಿಂತ ಕಡಿಮೆಯಾದರೆ ದೋಣಿ ಬಾಡಿಗೆ ತಲೆಗೆ ಭಾರವಾಗುತ್ತದೆ.

ಹೊರಡುವ ಮೂರು ವಾರ ಮೊದಲು ಪ್ರತಿಯೊಬ್ಬರಿಂದ ಒಂದು ಹಾಳೆ ಬರೆಸಿಕೊಳ್ಳಿ. ವಯಸ್ಸು, ರಕ್ತದ ಗುಂಪು, ದಿನನಿತ್ಯದ ಮಾತ್ರೆ, ಮಂಡಿ ನೋವು ಇದೆಯೇ, ಮನೆಯವರ ಫೋನ್ ನಂಬರ್. ಈಜಿನ ಬಗ್ಗೆ ಕೇಳುವಾಗ "ಈಜು ಬರುತ್ತದೆಯೇ" ಎಂದಷ್ಟೇ ಕೇಳಬೇಡಿ, "ಎಲ್ಲಿ ಈಜಿದ್ದೀರಿ" ಎಂದು ಕೇಳಿ. ಬಾವಿ, ಈಜುಕೊಳ, ನಾಲೆ, ಹೊಳೆ, ಕಡಲು, ಎಲ್ಲವೂ ಬೇರೆ ಬೇರೆ. ಆಮೇಲೆ ಎಲ್ಲರನ್ನೂ ಜೋಡಿ ಮಾಡಿ. ದೋಣಿ ಹತ್ತುವಾಗ, ಇಳಿಯುವಾಗ, ಗಾಡಿ ಹೊರಡುವಾಗ ಪ್ರತಿಯೊಬ್ಬರೂ ತಮ್ಮ ಜೋಡಿಯ ಹೆಸರು ಕೂಗಬೇಕು. ತಲೆ ಎಣಿಸುವುದಕ್ಕಿಂತ ಇದು ಖಚಿತ: ಎಣಿಕೆ ತಪ್ಪುತ್ತದೆ, ಪಕ್ಕದವರು ಇಲ್ಲದಿರುವುದು ತಪ್ಪದೆ ಗೊತ್ತಾಗುತ್ತದೆ.

ಯಾವ ತಿಂಗಳು

ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಪ್ರವಾಸಿ ದೋಣಿಗಳು ನೀರಿಗಿಳಿಯುವುದಿಲ್ಲ; ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ನಮ್ಮ ಕಡೆ ದಸರಾ ರಜೆಗೆ ಹೊರಡುವ ರೂಢಿ ಇದೆ. ಅಕ್ಟೋಬರ್‌ನಲ್ಲಿ ದೋಣಿ ಶುರುವಾಗಿದ್ದರೂ ಕಡಲು ಪೂರ್ತಿ ತಣಿದಿರುವುದಿಲ್ಲ. ಸಂಜೆ ಗುಡುಗು ಮಿಂಚು ಸಾಮಾನ್ಯ, ಅರಬ್ಬಿ ಸಮುದ್ರದ ಚಂಡಮಾರುತಗಳೂ ಆಗಲೇ ಬರುತ್ತವೆ. 2019ರ ಅಕ್ಟೋಬರ್ ಕೊನೆಯಲ್ಲಿ ಬಂದ ಕ್ಯಾರ್ ಅಂಥದ್ದು. ದಸರಾದಲ್ಲೇ ಹೋಗಬೇಕೆಂದಿದ್ದರೆ ದ್ವೀಪಗಳನ್ನು ನೆಚ್ಚಿಕೊಳ್ಳದೆ ಹೋಗಿ.

ಮಾರ್ಚ್‌ನಿಂದ ಮೇ ತನಕ ಇನ್ನೊಂದು ಅಪಾಯ ಇದೆ. ಗಾಳಿ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಆದರೂ ಇದ್ದಕ್ಕಿದ್ದಂತೆ ದೊಡ್ಡ ಅಲೆ ದಂಡೆ ಏರುತ್ತದೆ. ದಕ್ಷಿಣದಲ್ಲಿ ಸಾವಿರಾರು ಕಿ.ಮೀ. ದೂರದ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ಬರುತ್ತವೆ. ಕೇರಳದವರು ಇದನ್ನು ಕಲ್ಲಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ (INCOIS) ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಪ್ರವಾಸದ ಹಿಂದಿನ ವಾರದಿಂದ ಅದರ ಅಲೆ ಎತ್ತರದ ಮುನ್ಸೂಚನೆಯನ್ನು ದಿನವೂ ನೋಡಿ. ಒಂದು ಮೀಟರ್ ಒಳಗಿದ್ದರೆ ನಿಶ್ಚಿಂತೆ. ಒಂದೂವರೆ ಮೀಟರ್ ದಾಟಿದರೆ ಸಣ್ಣ ದೋಣಿಯ ಕಾರ್ಯಕ್ರಮ ಕೈಬಿಡಿ, ದೋಣಿಯವರು ಬರುತ್ತೇನೆ ಅಂದರೂ ಸರಿ.

ದಿನಾಂಕ ಗೊತ್ತುಮಾಡುವಾಗ ಮನೆಯ ಪಂಚಾಂಗವನ್ನೂ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತದ ಅಂತರ ದೊಡ್ಡದು, ಅಷ್ಟಮಿಯ ಸುಮಾರಿಗೆ ಚಿಕ್ಕದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಶನಿವಾರ ಬೆಳಿಗ್ಗೆ 9ಕ್ಕೆ ಇಳಿತವಿದ್ದರೆ ಭಾನುವಾರ 9.50ರ ಸುಮಾರಿಗೆ, ಸೋಮವಾರ 10.40ಕ್ಕೆ. ಬಂಡೆ, ಕುಂಡದಂಥ ನೀರುಗುಂಡಿ, ಅದರೊಳಗಿನ ಜೀವಿಗಳನ್ನು ನೋಡಬೇಕಾದರೆ ಇಳಿತದ ಹೊತ್ತು ಬೇಕು. ಆಯಾ ಬಂದರಿನ ಉಬ್ಬರ ಇಳಿತದ ಪಟ್ಟಿ ನೋಡಿ, ದಂಡೆಯ ನಡಿಗೆಯನ್ನು ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಶುರುವಾಗುವಂತೆ ಹೊಂದಿಸಿ. ನೀರು ಇಳಿಯುತ್ತಿರುವಾಗ ಒಳಹೋಗಿ, ಏರತೊಡಗುವ ಮೊದಲು ಹೊರಬನ್ನಿ.

ಏರ್ಪಡಿಸುವವರನ್ನು ಕೇಳಬೇಕಾದದ್ದು

ಪ್ರವಾಸ ಏರ್ಪಡಿಸುವ ಸಂಸ್ಥೆಯ ಮೂಲಕ ಹೋಗುವುದಾದರೆ ಮುಂಗಡ ಕೊಡುವ ಮೊದಲೇ ಉತ್ತರಗಳನ್ನು ವಾಟ್ಸಾಪ್‌ನಲ್ಲಾದರೂ ಬರವಣಿಗೆಯಲ್ಲಿ ಪಡೆಯಿರಿ. ಮುಖ್ಯವಾದ ಪ್ರಶ್ನೆ: ದ್ವೀಪಕ್ಕೆ ಇಳಿಸುತ್ತೀರೋ, ಸುತ್ತು ಹಾಕಿಸಿ ತರುತ್ತೀರೋ? ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. "ನೇತ್ರಾಣಿ ದರ್ಶನ" ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ದ್ವೀಪದ ಪಕ್ಕದ ನೀರಿನಲ್ಲಿ ಡೈವಿಂಗ್, ಇಲ್ಲವೇ ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ಮೇಲೆ ತೇಲಿ ನೀರೊಳಗೆ ನೋಡುವುದು). ನೆಲದ ಮೇಲೆ ಕಾಲಿಡುವುದಲ್ಲ. ಕಾರವಾರದ ಬಳಿಯ ಅಂಜದೀವ್ ದ್ವೀಪಕ್ಕೆ ಕರೆದೊಯ್ಯುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ. ಅದು ನೌಕಾಪಡೆಯ ವಶದಲ್ಲಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ.

ಎರಡನೆಯದು, ದೋಣಿಯ ನೋಂದಣಿ ಮತ್ತು ಅದಕ್ಕೆ ಅನುಮತಿ ಇರುವ ಪ್ರಯಾಣಿಕರ ಸಂಖ್ಯೆ. ಮೂರನೆಯದು, ಹವಾಮಾನದಿಂದ ದೋಣಿ ನಿಂತರೆ ಎಷ್ಟು ಹಣ ವಾಪಸ್, ಬದಲಿಗೆ ಏನು. ನಾಲ್ಕನೆಯದು, ಗೈಡ್ ಮೊದಲ ದಿನದಿಂದ ಕೊನೆಯವರೆಗೆ ಜೊತೆಗಿರುತ್ತಾರೋ, ಊರೂರಿಗೆ ಬದಲಾಗುತ್ತಾರೋ. ಒಬ್ಬರೇ ಇದ್ದು, ಪ್ರತಿ ಬಂದರಿನಲ್ಲಿ ಅಲ್ಲಿನದೇ ಮೀನುಗಾರರೊಬ್ಬರು ಸೇರಿಕೊಳ್ಳುವುದು ಒಳ್ಳೆಯ ಏರ್ಪಾಡು. ಕಲ್ಲು, ಹಕ್ಕಿ, ಕೋಟೆ ಬಲ್ಲ ಗೈಡ್‌ಗೆ ಇವತ್ತಿನ ಅಳಿವೆಯಲ್ಲಿ ಮರಳು ದಿಬ್ಬ ಎಲ್ಲಿಗೆ ಸರಿದಿದೆ ಎಂಬುದು ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ದಿನವೂ ದೋಣಿ ಹಾಕುವವರಿಗೆ.

ಗಾಡಿ ಯೆಲ್ಲೋ ಬೋರ್ಡೇ ಆಗಿರಬೇಕು. ಪರಿಚಯದವರ ವೈಟ್ ಬೋರ್ಡ್ ಗಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆ ಕಂಪನಿ ಪರಿಹಾರ ತಿರಸ್ಕರಿಸಬಹುದು.

ಹೋಗುವ ದಾರಿ, ಖರ್ಚಿನ ಲೆಕ್ಕ

ಮೈಸೂರಿನಿಂದ ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ಮೇಲೆ ಮಂಗಳೂರಿಗೆ ಸುಮಾರು 250 ಕಿ.ಮೀ.; ಅಲ್ಲಿಂದ ಉಡುಪಿ ಇನ್ನೂ 55–60. ಮಂಡ್ಯದವರಿಗೆ ನಾಗಮಂಗಲ, ಬೆಳ್ಳೂರು ಕ್ರಾಸ್, ಹಾಸನ, ಸಕಲೇಶಪುರ, ಶಿರಾಡಿ ಘಾಟ್ ಹತ್ತಿರ. ಯಾವ ದಾರಿ ಹಿಡಿದರೂ ತಿಂಡಿ ಊಟ ಸೇರಿ ಒಂದು ಹಗಲು ರಸ್ತೆಗೇ ಹೋಗುತ್ತದೆ.

ರೈಲು ಇದಕ್ಕಿಂತ ಮೇಲು. ಬೆಂಗಳೂರು–ಮುರುಡೇಶ್ವರ ಎಕ್ಸ್‌ಪ್ರೆಸ್ ಮಂಡ್ಯ, ಮೈಸೂರಿನ ಮೇಲೆಯೇ ಹಾಸನ, ಮಂಗಳೂರು, ಉಡುಪಿ ಕಡೆಗೆ ಹೋಗುತ್ತದೆ. ರಾತ್ರಿ ಹತ್ತಿ ಮಲಗಿದರೆ ಮರುದಿನ ಉಡುಪಿ. ಸಮಯ, ಓಡುವ ದಿನಗಳನ್ನು ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಉಡುಪಿಯಲ್ಲಿ ಸ್ಥಳೀಯ ಟಿ.ಟಿ. ಹಿಡಿದು, ಕೊನೆಗೆ ಮುರುಡೇಶ್ವರದಲ್ಲಿ ಬಿಟ್ಟು ಅದೇ ರೈಲಿನಲ್ಲಿ ಹಿಂತಿರುಗಬಹುದು.

ಖರ್ಚಿನಲ್ಲಿ ಇದರ ಅರ್ಥ ಏನೆಂದು ನೋಡಿ. ಕಿ.ಮೀ. ಲೆಕ್ಕದ ಗಾಡಿಗಳಿಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಹಿಡಿಯುವುದು ರೂಢಿ. ಮೈಸೂರಿನಿಂದಲೇ ಗಾಡಿ ತಂದರೆ ಏಳು ದಿನಕ್ಕೆ ಕಡಿಮೆಯೆಂದರೂ 1,750 ಕಿ.ಮೀ. ದುಡ್ಡು ಕೊಡಬೇಕು. ನಿಜವಾಗಿ ಓಡುವುದು ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಉಡುಪಿಯಿಂದ ಕಾರವಾರಕ್ಕೆ ಕರಾವಳಿಯ ಉದ್ದವೇ ಅಷ್ಟಿಲ್ಲ. ದ್ವೀಪದ ದಿನಗಳಲ್ಲಿ ಗಾಡಿ ಬಂದರಿನಲ್ಲಿ ಸುಮ್ಮನೆ ನಿಂತಿರುತ್ತದೆ. ಆದ್ದರಿಂದ ಸ್ಥಳೀಯ ಗಾಡಿಯನ್ನು ದಿನದ ಬಾಡಿಗೆ, ಡೀಸೆಲ್ ಬೇರೆ, ಡ್ರೈವರ್ ಬಾಟಾ ಬೇರೆ ಎಂದು ಮಾತಾಡಿ. ಉಳಿದ ಹಣವನ್ನು ದೋಣಿಗೆ ಹಾಕಿ. ತಂಡಕ್ಕೇ ಒಂದು ದೋಣಿ ಗೊತ್ತುಮಾಡಿಕೊಂಡರೆ ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ. ಸಾರ್ವಜನಿಕ ದೋಣಿ ಜನ ತುಂಬುವವರೆಗೆ ಕಾಯಿಸುತ್ತದೆ, ಆಗ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ಮೊದಲ ಎರಡು ದಿನ: ಉಡುಪಿ, ಮಲ್ಪೆ

ತಲುಪಿದ ದಿನ ದ್ವೀಪ ಬೇಡ. ಸಂಜೆ ಕಾಪುವಿನ ದೀಪಸ್ತಂಭದ ಬಳಿ ಹೋಗಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಇಲ್ಲಿ ಮಾಡಬೇಕಾದ ಕೆಲಸ ಕಡಲನ್ನು ಓದುವ ಅಭ್ಯಾಸ: ಅಲೆ ಎಲ್ಲಿ ಬಿಳಿಯಾಗಿ ಮುರಿಯುತ್ತಿದೆ, ಎಲ್ಲಿ ಮುರಿಯದೆ ಸುಮ್ಮನೆ ಕಪ್ಪಗಿದೆ, ಬಂಡೆಯ ಪಕ್ಕದಲ್ಲಿ ನೀರು ಯಾವ ಕಡೆ ಓಡುತ್ತಿದೆ. ಗೈಡ್ ಹತ್ತು ನಿಮಿಷ ತೋರಿಸಿದರೆ ಮುಂದಿನ ದಿನಗಳಲ್ಲಿ ಅದೇ ಜೀವ ಉಳಿಸುವ ತಿಳಿವಳಿಕೆ.

ಮರುದಿನ ಮಲ್ಪೆಯಿಂದ ಬೆಳಗಿನ ಮೊದಲ ದೋಣಿ. ಚಳಿಗಾಲದಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ತಂಗಾಳಿ ಬೀಸುತ್ತದೆ, ನೀರು ಸಪಾಟಾಗಿರುತ್ತದೆ. ನೆಲ ಕಾದಮೇಲೆ, ಮಧ್ಯಾಹ್ನದ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಪಡುವಣದಿಂದ ಬೀಸತೊಡಗಿ ಅಲೆ ಎಬ್ಬಿಸುತ್ತದೆ. ಎಲ್ಲ ದ್ವೀಪಗಳಿಗೂ ಇದೇ ನಿಯಮ: ಹನ್ನೆರಡರೊಳಗೆ ದಡಕ್ಕೆ ವಾಪಸ್.

ಸೇಂಟ್ ಮೇರೀಸ್‌ಗೆ ಅರ್ಧ ಗಂಟೆಯ ದೋಣಿ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟ ಎಂಬ ಪ್ರತೀತಿಯನ್ನು ಎಲ್ಲರೂ ಹೇಳುತ್ತಾರೆ. ದ್ವೀಪದ ನಿಜವಾದ ಪ್ರಾಚೀನತೆ ಕಾಲಡಿಯಲ್ಲಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಬಹಳ ಜನ ಬಸಾಲ್ಟ್ ಎನ್ನುತ್ತಾರೆ; ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಕಲ್ಲು. ಮಹಾರಾಷ್ಟ್ರದ ಕಡೆಯ ಬಸಾಲ್ಟ್ ಹಾಸು ಸುಮಾರು 6.6 ಕೋಟಿ ವರ್ಷದ್ದು, ಅಂದರೆ ಇದಕ್ಕಿಂತ ಕಿರಿಯದು. ಲಾವಾ ನಿಧಾನವಾಗಿ ಆರುವಾಗ ಕುಗ್ಗುತ್ತದೆ. ಕುಗ್ಗಿದಾಗ ಮೈಮೇಲೆ ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿದಂತೆ. ಬಿರುಕು ತಣ್ಣಗಾಗುವ ಮೇಲ್ಮೈಯಿಂದ ನೇರ ಒಳಕ್ಕೆ ಇಳಿಯುತ್ತಾ ಹೋಗಿ ಐದಾರು ಮುಖದ ಕಂಬಗಳು ಮೂಡುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ನೋಡುವ ಕ್ರಮ ಹೀಗಿರಲಿ. ಇಳಿದ ಕೂಡಲೇ ಜನ ಹೋಗುವ ಮರಳಿನ ಕಡೆ ಹೋಗದೆ ಮೊದಲು ಬಂಡೆಗಳ ಕಡೆ ನಡೆಯಿರಿ. ಒಂದು ಕಂಬದ ತಲೆಯ ಮೇಲೆ ಅಂಗೈ ಇಟ್ಟು ಮುಖಗಳನ್ನು ಎಣಿಸಿ. ಐದು, ಆರು, ಕೆಲವು ಏಳು. ಕೆಲವು ನೆಟ್ಟಗಿವೆ, ಕೆಲವು ಓರೆ. ಕಂಬದ ಬುಡದ ಕಡೆಗೆ ನೋಡುತ್ತಾ ಬಂದರೆ ಬಣ್ಣದ ಪಟ್ಟಿಗಳು ಕಾಣುತ್ತವೆ. ಮೇಲೆ ಒಣಗಿದ ಬೂದು ಕಲ್ಲು, ಅದರ ಕೆಳಗೆ ಕಪ್ಪು ಪಟ್ಟಿ, ಇನ್ನೂ ಕೆಳಗೆ ಚಿಪ್ಪುಗಳು ಅಂಟಿದ ಒರಟು ಭಾಗ, ನೀರಿನಂಚಿಗೆ ಹಸಿರು. ಬೂದು ಭಾಗದ ಮೇಲೆ ನಿಶ್ಚಿಂತೆಯಿಂದ ನಡೆಯಬಹುದು. ಕಪ್ಪು, ಹಸಿರು ಪಟ್ಟಿಯ ಮೇಲೆ ಕಾಲಿಡಕೂಡದು. ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳು ಪಾಚಿ ಇರುತ್ತದೆ. ಜಾರಿದರೆ ಕೈ ಊರುವುದು ಚಿಪ್ಪಿನ ಮೇಲೆ, ಬ್ಲೇಡಿನಷ್ಟೇ ಹರಿತ ಅದು. ಕಡಲಿಗೆ ಬೆನ್ನು ಹಾಕಿ ಫೋಟೊಗೆ ನಿಲ್ಲುವವರು ಬೀಳುವುದು ಇದೇ ಪಟ್ಟಿಯಲ್ಲಿ.

ಪ್ಲಾಸ್ಟಿಕ್ ಮತ್ತು ಮದ್ಯ ದ್ವೀಪಕ್ಕೆ ಬಿಡುವುದಿಲ್ಲ, ಚೀಲ ನೋಡುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ತಲೆಗೆ ಒಂದೂವರೆ ಲೀಟರ್ ನೀರು ಒಯ್ಯಿರಿ. ಚಿಪ್ಪು, ಕಲ್ಲು ಏನನ್ನೂ ತರಬೇಡಿ. ಹವಳ ಹಾಗೂ ಹಲವು ಜಾತಿಯ ಶಂಖ ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ದೋಣಿ ಹತ್ತುವುದು, ಲೈಫ್ ಜಾಕೆಟ್ ಹಾಕುವುದು

2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಒಳನಾಡಿನಿಂದ ಬಂದ ಕುಟುಂಬದವರೂ ಇದ್ದರು. ಈ ಭಾಗವನ್ನು ಅವಸರದಲ್ಲಿ ಓದಿ ಬಿಡಬೇಡಿ.

ಜಾಕೆಟ್‌ನ್ನು ಧಕ್ಕೆಯ (ದೋಣಿ ಹತ್ತುವ ಕಟ್ಟೆಯ) ಮೇಲೆಯೇ ಹಾಕಿಕೊಳ್ಳಬೇಕು, ದೋಣಿಯೊಳಗೆ ಕುಳಿತ ಮೇಲಲ್ಲ. ಮೊದಲು ಒತ್ತಿ ನೋಡಿ. ಒಳಗಿನ ಫೋಮ್ ಪುಡಿಪುಡಿಯಾಗಿದ್ದರೆ, ನೀರು ಕುಡಿದು ಭಾರವಾಗಿದ್ದರೆ ಬದಲಿಸಿ ಕೇಳಿ. ಪ್ರತಿ ಬಕಲ್ ಹಾಕಿ, "ಕಟಕ್" ಎಂದ ಮೇಲೂ ಒಮ್ಮೆ ಎಳೆದು ನೋಡಿ. ಉಪ್ಪು ತಿಂದ ಬಕಲ್‌ಗಳು ಕಚ್ಚಿದಂತೆ ಕಂಡು ಬಿಟ್ಟುಬಿಡುತ್ತವೆ. ಪಟ್ಟಿ ಬಿಗಿ ಮಾಡಿ. ಈಗ ಎರಡೂ ಕೈ ಮೇಲೆತ್ತಿ, ನಿಮ್ಮ ಜೋಡಿ ಜಾಕೆಟ್‌ನ ಭುಜ ಹಿಡಿದು ಮೇಲಕ್ಕೆ ಎಳೆಯಲಿ. ಅದು ಗದ್ದ ದಾಟಿ ಬಂದರೆ ಅಳತೆ ದೊಡ್ಡದು. ನೀರಿಗೆ ಬಿದ್ದರೆ ನೀವು ಕೆಳಗೆ, ಜಾಕೆಟ್ ಮೇಲೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಕಟ್ಟಿ ಕೂರಿಸುವುದು ಇದೇ ಕಾರಣಕ್ಕೆ ಅಪಾಯ. ಮಕ್ಕಳ ಅಳತೆಯದು, ತೊಡೆಯ ನಡುವೆ ಬರುವ ಪಟ್ಟಿ ಇರುವುದು ಸಿಗದಿದ್ದರೆ ಆ ಮಗುವನ್ನು ದಡದಲ್ಲೇ ಉಳಿಸಿ.

ಹತ್ತುವ ಕ್ರಮ: ಚೀಲಗಳನ್ನು ಮೊದಲು ಕೈಗೆ ಕೈ ದಾಟಿಸಿ. ಎರಡೂ ಕೈ ಖಾಲಿ ಇರಲಿ, ಫೋನ್ ಒಳಗಿರಲಿ. ದೋಣಿ ಅಲೆಯ ಮೇಲೇರಿ ಧಕ್ಕೆಯ ಮಟ್ಟಕ್ಕೆ ಬಂದ ಗಳಿಗೆಯಲ್ಲಿ ಹೆಜ್ಜೆ ಇಡಬೇಕು. ಇಳಿಯುತ್ತಿರುವಾಗ ಇಟ್ಟರೆ ಕಾಲಿಗೆ ನೆಲ ಸಿಗುವುದಿಲ್ಲ. ದೋಣಿಯವರಿಗೆ ಅಂಗೈ ಕೊಡಬೇಡಿ, ಪರಸ್ಪರ ಮಣಿಕಟ್ಟು ಹಿಡಿಯಿರಿ. ಬೆವರಿದ ಅಂಗೈ ಜಾರುತ್ತದೆ. ದೋಣಿಗೂ ಧಕ್ಕೆಗೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ತೂರಿಸಲೇಬಾರದು. ಸೀರೆ ಉಟ್ಟವರು ಅಂದು ಚೂಡಿದಾರ್ ಹಾಕಿಕೊಂಡರೆ ಒಳ್ಳೆಯದು. ಒಳಗೆ ಹೋದವರು ಎರಡೂ ಬದಿಗೆ ಸಮ ಹಂಚಿ ಕೂರಬೇಕು. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಎದ್ದರೆ ಸಣ್ಣ ದೋಣಿ ವಾಲುತ್ತದೆ. ಗೈಡ್ ಇದನ್ನು ಹೊರಡುವ ಮೊದಲೇ ಹೇಳಿರಬೇಕು. ಅನುಮತಿಗಿಂತ ಒಬ್ಬರು ಹೆಚ್ಚಾದರೂ ಹತ್ತಬೇಡಿ, ಹತ್ತಿದ್ದರೆ ಇಳಿದುಬಿಡಿ.

ವಾಂತಿ ಆಗುವವರು ಹಿಂದಿನ ರಾತ್ರಿ ನಿದ್ದೆ ಕೆಡಬಾರದು. ಬೆಳಿಗ್ಗೆ ಎರಡು ಇಡ್ಲಿಯಂಥ ಹಗುರ ತಿಂಡಿ ತಿನ್ನಿ. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ. ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಂಡು ಹೊರಡುವ ಒಂದು ಗಂಟೆ ಮೊದಲು ನುಂಗಿ, ಸಂಕಟ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದೋಣಿಯ ನಡುಭಾಗ, ಹಿಂಭಾಗದಲ್ಲಿ ಕುಳಿತು ದೂರದ ದಿಗಂತ ನೋಡಿ.

ಮೂರನೆಯ ದಿನ: ನೇತ್ರಾಣಿ

ಮಲ್ಪೆಯಿಂದ ಮರಳಿದ ಮಧ್ಯಾಹ್ನವೇ ಮರವಂತೆಯ ಮೇಲೆ ಮುರುಡೇಶ್ವರಕ್ಕೆ ಬಂದು ತಂಗಿ, ಸುಮಾರು ನೂರು ಕಿ.ಮೀ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಇಳಿದು ನೋಡಿ, ಆದರೆ ನೀರಿಗಿಳಿಯಬೇಡಿ.

ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ.; ಒಂದರಿಂದ ಒಂದೂವರೆ ಗಂಟೆ ದೋಣಿ. ಪಾರಿವಾಳ ಗುಡ್ಡ ಎಂದೂ ಕರೆಯುತ್ತಾರೆ. ಕಡಿದಾದ ಬಂಡೆಯ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ, ದುರ್ಬೀನು ಇದ್ದವರು ಮೇಲೆಯೂ ನೋಡಿ. ಈಜು ಬಾರದವರೂ ತರಬೇತುದಾರರ ಕೈ ಹಿಡಿದು ಹೆಚ್ಚೆಂದರೆ 12 ಮೀಟರ್ ಆಳದವರೆಗೆ ಮುಳುಗಿ ನೋಡಬಹುದು, ಕನಿಷ್ಠ ವಯಸ್ಸು 10. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ.

ಡೈವಿಂಗ್‌ಗೆ ಮೊದಲು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಉಬ್ಬಸ, ಹೃದಯದ ತೊಂದರೆ, ಗರ್ಭಿಣಿ, ಇತ್ತೀಚಿನ ಶಸ್ತ್ರಚಿಕಿತ್ಸೆ, ಇವುಗಳನ್ನು ಮುಚ್ಚಿಡಬೇಡಿ. ನೆಗಡಿ ಇದ್ದರೂ ಇಳಿಯಬಾರದು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸಮ ಮಾಡಲು ಬರದೆ ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ಇಳಿಯುವಾಗ ಪ್ರತಿ ಮೀಟರ್‌ಗೂ ಮೂಗು ಹಿಡಿದು ಮೆಲ್ಲನೆ ಊದಬೇಕು. ನೋವು ಬಂದ ಮೇಲೆ ಊದಿದರೆ ತಡವಾಯಿತು.

ಘಟ್ಟದ ಮೇಲಿನವರು ಮರೆಯಬಾರದ್ದು ಇನ್ನೊಂದಿದೆ. ಡೈವ್ ಮಾಡಿದ ದಿನವೇ ಊರಿಗೆ ಹೊರಡಬೇಡಿ. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಮಾಡಬಹುದು. ವಿಮಾನಕ್ಕೆ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಬಿಡುತ್ತಾರೆ. ಮೈಸೂರು ಸಮುದ್ರ ಮಟ್ಟದಿಂದ 750 ಮೀಟರ್‌ಗೂ ಮೇಲಿದೆ, ದಾರಿಯ ಘಾಟಿ ಇನ್ನೂ ಎತ್ತರ. ನೇತ್ರಾಣಿಯನ್ನು ಪ್ರವಾಸದ ನಡುವೆ ಇಟ್ಟಿರುವುದು ಅದಕ್ಕೇ.

ನಾಲ್ಕು, ಐದು: ಹೊನ್ನಾವರ, ಗೋಕರ್ಣ, ಕಾರವಾರ

ಹೊನ್ನಾವರದಲ್ಲಿ ಶರಾವತಿಯ ಅಳಿವೆ. ಬೆಳಿಗ್ಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸಣ್ಣ ದೋಣಿ, ಹಲಗೆ ಹಾದಿಯ ನಡಿಗೆ. ಎದುರು ದಂಡೆಯ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಸಿಕ್ಕಿದೆ. ಆಚೆ ಕಡಲಿನಲ್ಲಿ ಕೆಳದಿ ನಾಯಕರ ಕಾಲದ ಕೋಟೆಯಿರುವ ಬಸವರಾಜ ದುರ್ಗ. ಇಳಿಯಲು ಅನುಮತಿ ಬೇಕೇ ಎಂಬುದನ್ನು ಬಂದರು ಇಲಾಖೆಯಲ್ಲಿ ಮೊದಲೇ ಕೇಳಿ. ಅನುಮತಿ ಇದ್ದರೂ ಬಂಡೆಗೆ ನೇರವಾಗಿ ಇಳಿಯುವುದು ಸುಲಭವಲ್ಲ. ಅಲೆ ಇದ್ದ ದಿನ ಸುತ್ತು ಹಾಕಿ ಗೋಡೆ ನೋಡಿ ಬರುವುದೇ ಸರಿ. ಅಳಿವೆ ದಾಟುವಾಗ ಹೊಳೆಯ ಇಳಿತದ ನೀರು ಕಡಲಿನ ಅಲೆಗೆ ಎದುರಾಗಿ ನೆಟ್ಟಗೆ ಅಲೆ ಎಬ್ಬಿಸುತ್ತದೆ. ದೋಣಿಯವರು ಉಬ್ಬರಕ್ಕೆ ಕಾಯೋಣ ಎಂದರೆ ಒತ್ತಾಯಿಸಬೇಡಿ.

ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ಗುಡ್ಡದ ದಾರಿಯನ್ನು ಬೆಳಿಗ್ಗೆ ಆರೂವರೆಗೆ ಶುರುಮಾಡಿ. ಜಂಬಿಟ್ಟಿಗೆ ಜಲ್ಲಿಯ ಮೇಲೆ ಚಪ್ಪಲಿ ಜಾರುತ್ತದೆ; ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಬೇಕು. ಕಾರವಾರ ಅಲ್ಲಿಂದ ಸುಮಾರು 60 ಕಿ.ಮೀ. ಕಾಳಿ ಅಳಿವೆ, ಕೂರ್ಮಗಡದ ಕಡೆಯ ನೀರಿನಲ್ಲಿ ಡಾಲ್ಫಿನ್ ಕಾಣುತ್ತವೆ. ಇಂಜಿನ್ ನಿಧಾನ ಮಾಡಿಸಿ, ಬೆನ್ನಟ್ಟಿಸಬೇಡಿ. ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬಾರದು, ಡ್ರೋನ್ ಮನೆಯಲ್ಲೇ ಇರಲಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುದ್ದೆ ಸಿಗುವುದಿಲ್ಲ. ಕುಚಲಕ್ಕಿ ಅನ್ನ ರೂಢಿಯಿಲ್ಲದವರು ಮೊದಲ ದಿನ ಸ್ವಲ್ಪವೇ ಬಡಿಸಿಕೊಳ್ಳಿ.

ಕಾವೇರಿಯ ಈಜು ಇಲ್ಲಿ ನಡೆಯದು

ಬಲಮುರಿ, ಎಡಮುರಿ, ನಾಲೆಗಳಲ್ಲಿ ಈಜಿ ಬೆಳೆದವರಿಗೆ ನೀರಿನ ಭಯ ಇರುವುದಿಲ್ಲ. ಕಡಲಿನಲ್ಲಿ ಅದೇ ತೊಂದರೆ. ಹೊಳೆಯ ಸೆಳವು ಒಂದೇ ದಿಕ್ಕಿಗೆ, ಓರೆಯಾಗಿ ಈಜಿದರೆ ದಡ ಸಿಗುತ್ತದೆ. ಕಡಲಿನಲ್ಲಿ ದಂಡೆಗೆ ಬಡಿದ ಅಲೆಗಳ ನೀರೆಲ್ಲ ಒಂದು ಕಿರಿದಾದ ಓಣಿಯಲ್ಲಿ ಒಟ್ಟಾಗಿ ಹಿಂದಕ್ಕೆ ಓಡುತ್ತದೆ. ಅಲೆ ಮುರಿಯದೆ ಶಾಂತವಾಗಿ, ಕಪ್ಪಗೆ ಕಾಣುವ ಜಾಗವೇ ಆ ಓಣಿ. ತಿಳಿಯದವರು ಇಲ್ಲಿ ಅಲೆ ಇಲ್ಲ ಎಂದು ಅಲ್ಲೇ ಇಳಿಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಕಡಲಿನ ಪಾಲಾದರು.

ಸೆಳವಿಗೆ ಸಿಕ್ಕರೆ ದಡದ ಕಡೆಗೆ ಈಜಬಾರದು, ಸುಸ್ತಾಗಿ ಮುಳುಗುವುದು ಹಾಗೆಯೇ. ಅಂಗಾತ ತೇಲಿ, ಒಂದು ಕೈ ಎತ್ತಿ ಕೂಗಿ. ಸೆಳವು ಸಡಿಲವಾದ ಮೇಲೆ ದಂಡೆಗೆ ಸಮಾನಾಂತರವಾಗಿ ಈಜಿ, ಅಲೆ ಮುರಿಯುವ ಕಡೆಯಿಂದ ಒಳಬನ್ನಿ. ನೋಡಿದವರು ಹಿಂದೆ ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ: ಖಾಲಿ ಕ್ಯಾನ್, ಜಾಕೆಟ್, ಹಗ್ಗ. ತಂಡದ ನಿಯಮ ಹೀಗಿರಲಿ: ಜೀವರಕ್ಷಕರು ಇರುವ ಬೀಚಿನಲ್ಲಿ ಮಾತ್ರ, ಸೊಂಟದ ಮಟ್ಟದವರೆಗೆ ಮಾತ್ರ, ಸಂಜೆಗತ್ತಲಲ್ಲಿ ಇಲ್ಲವೇ ಇಲ್ಲ.

ಜೆಲ್ಲಿಫಿಶ್ ತಾಗಿದರೆ ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಸುರಿದರೆ, ಉಜ್ಜಿದರೆ ಅಂಟಿಕೊಂಡ ಎಳೆಗಳಿಂದ ಇನ್ನಷ್ಟು ವಿಷ ಬಿಡುಗಡೆಯಾಗುತ್ತದೆ. ಎಳೆಗಳನ್ನು ಕಾರ್ಡಿನಂಚಿನಿಂದ ಎತ್ತಿ ತೆಗೆದು, ತಾಳಬಲ್ಲಷ್ಟು ಬಿಸಿನೀರಿನಲ್ಲಿ ಅದ್ದಿಡಿ. ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ.

ಆರನೆಯ ದಿನ ಖಾಲಿ ಬಿಡಿ

ಏಳು ದಿನದಲ್ಲಿ ಒಂದು ದಿನಕ್ಕೆ ಏನನ್ನೂ ಬರೆಯಬೇಡಿ. ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ದೋಣಿ ನಿಂತರೆ ಎಲ್ಲವನ್ನೂ ಒಂದು ದಿನ ಮುಂದೂಡಲು ಅದು ಬೇಕು. ಆದ್ದರಿಂದ ರೂಮು ಮಾಡುವಾಗ ಮುರುಡೇಶ್ವರ ಮತ್ತು ಗೋಕರ್ಣದಲ್ಲಿ ದಿನಾಂಕ ಬದಲಿಸಲು ಒಪ್ಪುವ ಕಡೆಯೇ ಮಾಡಿ. ದೋಣಿ ಇಲ್ಲ ಎಂಬುದನ್ನು ಹಿಂದಿನ ಸಂಜೆ ಮುನ್ಸೂಚನೆ ನೋಡಿ ತೀರ್ಮಾನಿಸಿ, ಬೆಳಿಗ್ಗೆ ಆರಕ್ಕೆ ದೋಣಿಯವರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಅಂತಿಮ ಮಾತು ದೋಣಿಯವರು ಮತ್ತು ಗೈಡ್ ಇಬ್ಬರದೂ ಆಗಿರಬೇಕು. ಇಬ್ಬರಲ್ಲಿ ಒಬ್ಬರು ಬೇಡ ಎಂದರೂ ಬೇಡ. ತಂಡದಲ್ಲಿ ಮತ ಹಾಕಿಸಬೇಡಿ.

ದೋಣಿ ನಿಂತ ದಿನಕ್ಕೆ ನೆಲದ ಮೇಲೆ ಕೆಲಸ ಬೇಕಾದಷ್ಟಿದೆ. ಮಲ್ಪೆಯಲ್ಲಿದ್ದರೆ ಆಳುಪ ಅರಸರ ರಾಜಧಾನಿಯಾಗಿದ್ದ ಬಾರಕೂರು. ಮುರುಡೇಶ್ವರದಲ್ಲಿದ್ದರೆ ಭಟ್ಕಳದ ಕಲ್ಲಿನ ಬಸದಿ ಮತ್ತು ಖೇತಪೈ ನಾರಾಯಣ ದೇವಸ್ಥಾನ. ಗೋಕರ್ಣದಲ್ಲಿದ್ದರೆ ಅಘನಾಶಿನಿ ಬಳಿಯ ಮಿರ್ಜಾನ್ ಕೋಟೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲಕ್ಕೆ ಇಲ್ಲಿಂದ ಕಾಳುಮೆಣಸು ಹಡಗು ಹತ್ತುತ್ತಿತ್ತು. ಜಂಬಿಟ್ಟಿಗೆ ಗೋಡೆ, ಒಳಗಿನ ಬಾವಿಗಳು, ಸುರಂಗದಂಥ ದಾರಿ ನಿಧಾನವಾಗಿ ನೋಡಲು ಎರಡು ಗಂಟೆ ಬೇಕು. ದೋಣಿಗಳೆಲ್ಲ ಸರಿಯಾಗಿ ನಡೆದು ಆರನೆಯ ದಿನ ಉಳಿದರೆ, ರಸ್ತೆಯಲ್ಲಿ ಮರಳುವವರು ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರದ ಮೇಲೆ ಶಿವಮೊಗ್ಗದಲ್ಲಿ ತಂಗಿ, ಮರುದಿನ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ಊರು ಸೇರಬಹುದು. ರೈಲಿನವರು ಮುರುಡೇಶ್ವರಕ್ಕೆ ಹಿಂದಿನ ರಾತ್ರಿಯೇ ಬಂದು ಉಳಿಯಿರಿ. ಕಾರವಾರದಿಂದ ಅದೇ ದಿನ ಹೊರಟು ರೈಲು ಹಿಡಿಯುತ್ತೇವೆಂದು ಹೆದ್ದಾರಿಯನ್ನು ನಂಬಬೇಡಿ.